ಹೆಸರು ಹೇಳಬಾರದ ಮದ್ದು

ಕರಪತ್ರ ಕೈಗೆ ಬಂದಾಗ ನಮ್ಮ ಸಂಪಾದಕರು ಅದನ್ನು ಓದುವ ಮೊದಲು ಮುಟ್ಟಿ ನೋಡಿದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ತಿಕ್ಕಿದರು, ಕಿಟಕಿಯ ಬೆಳಕಿಗೆ ಹಿಡಿದರು, ಆಮೇಲೆ ನನ್ನ ಮೇಜಿನ ಮೇಲೆ ಹಾಕಿದರು.

"ಬಡ ರೋಗಿಗಳ ಮನವಿ ಅಂತ. ಇಂಥಾ ಕಾಗದ ನಮ್ಮ ಪೇಪರಿಗೇ ಇಲ್ಲ. ಇದರ ಹಿಂದ ಯಾರದಾರ ನೋಡು."

ಎಂಬತ್ತರ ದಶಕದ ನಡುವಿನ ಮಾತಿದು. ಬಳ್ಳಾರಿಯ ಸಣ್ಣ ದಿನಪತ್ರಿಕೆಯೊಂದರಲ್ಲಿ ನಾನು ವರದಿಗಾರನಾಗಿದ್ದೆ. ನ್ಯಾಯಾಲಯ, ಮಾರುಕಟ್ಟೆ, ಕಾಲುವೆಯ ನೀರಿನ ಜಗಳ, ಅಪಘಾತ ಎಲ್ಲವೂ ನನ್ನ ಪಾಲಿಗೆ ಬರುತ್ತಿದ್ದವು. ಸಂಪಾದಕರು ನನಗೆ ಕಲಿಸಿದ ಮೊದಲ ಪಾಠವೆಂದರೆ, ಯಾರಾದರೂ ಬಡವರ ಹೆಸರಿನಲ್ಲಿ ಮಾತಾಡಿದರೆ ಬಡವರನ್ನು ಬಿಟ್ಟು ಮಾತಾಡುವವನನ್ನು ನೋಡಬೇಕು.

ಕರಪತ್ರವನ್ನು ಎರಡು ಸಲ ಓದಿದೆ. ಕುರುಗೋಡಿನ ಹತ್ತಿರದ ಒಂದು ಹಳ್ಳಿಯಲ್ಲಿ ಗ್ರಾಮಸಭೆ ನಡೆಯಲಿದೆ. ಅಲ್ಲಿ ಒಂದು ಠರಾವು ಬರಲಿದೆ. ಕುರುಗೋಡಿನ ವೈದ್ಯರು ತಲೆತಲಾಂತರದಿಂದ ಕೊಡುತ್ತ ಬಂದ ಔಷಧಿ ಈಗ ನಿಂತುಹೋಗಿದೆ. ಅದನ್ನು ರೋಗಿಗಳಿಗೆ ಮತ್ತೆ ಸಿಗುವಂತೆ ಮಾಡಲು ಎಲ್ಲರೂ ಬಂದು ಕೈ ಎತ್ತಬೇಕು. ಇಷ್ಟು ಬರೆದಿತ್ತು. ಯಾವ ಔಷಧಿ ಎಂಬುದು ಎಲ್ಲಿಯೂ ಇರಲಿಲ್ಲ. ಔಷಧಿ ಬೇಕೆಂದು ಕೇಳುವ ಕರಪತ್ರದಲ್ಲಿ ಔಷಧಿಯ ಹೆಸರೇ ಇಲ್ಲದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಮಧ್ಯಾಹ್ನ ಅಬಕಾರಿ ಕಚೇರಿಯ ಪರಿಚಯದ ಗುಮಾಸ್ತರನ್ನು ಚಹಾ ಅಂಗಡಿಗೆ ಕರೆದುಕೊಂಡು ಹೋಗಿ ಕೇಳಿದೆ. ಅವರು ಸುತ್ತ ನೋಡಿ ನಕ್ಕರು.

"ಆ ಕುರುಗೋಡಿನ ಅಜ್ಜಾರದಾ? ಅದು ಗಾಂಜಾ ಸೊಪ್ಪಿನ ಪರವಾನಗಿ ಸ್ವಾಮಿ."

ದಿಲ್ಲಿಯಲ್ಲಿ ಮಾದಕ ವಸ್ತುಗಳ ಮೇಲೆ ಹೊಸ ಕಾನೂನು ಬಂದ ಹೊಸತು. ಅಲ್ಲಿಯವರೆಗೆ ಈ ವೈದ್ಯರು ಔಷಧಿಗೆಂದು ಸ್ವಲ್ಪ ಸೊಪ್ಪು ಇಟ್ಟುಕೊಳ್ಳಲು ಪರವಾನಗಿ ಪಡೆಯುತ್ತಿದ್ದರಂತೆ. ಹೊಸ ಕಾನೂನು ಅದನ್ನು ಬೇಡವೆಂದಿದೆಯೋ, ಔಷಧಿಗಾದರೆ ಕೊಡಬಹುದು ಎಂದಿದೆಯೋ, ಜಿಲ್ಲೆಯಲ್ಲಿ ಯಾರೂ ಖಚಿತವಾಗಿ ಹೇಳುತ್ತಿರಲಿಲ್ಲ. ಮೇಲಿನಿಂದ ತಿಳಿವಳಿಕೆ ಬರುವವರೆಗೆ ಕಾಯಿರಿ ಎಂದು ವೈದ್ಯರಿಗೆ ಹೇಳಿ ಕಳಿಸಿದ್ದರು. ಊರಿನವರೇ ಸಭೆ ಸೇರಿ, ಇಲ್ಲಿ ಇಂಥ ರೋಗಿಗಳಿದ್ದಾರೆ, ಇಂಥ ಔಷಧಿ ಬೇಕು ಎಂದು ಠರಾವು ಮಾಡಿದರೆ ಅದನ್ನು ಮೇಲಕ್ಕೆ ಕಳಿಸಬಹುದು ಎಂದು ಯಾರೋ ಸಲಹೆ ಕೊಟ್ಟಿದ್ದರು.

"ಮತ್ತ ಕರಪತ್ರದಾಗ ಹೆಸರು ಯಾಕಿಲ್ಲ?" ಎಂದೆ.

"ಅದನ್ನ ನೀವು ಜೀಪಿನವರಿಗೆ ಕೇಳ್ರಿ," ಎಂದರು ಗುಮಾಸ್ತರು. ಪ್ರಚಾರಕ್ಕೆ ಓಡಾಡುತ್ತಿದ್ದ ಜೀಪು ಹಿಂದೆ ಸಾರಾಯಿ ಗುತ್ತಿಗೆ ಹಿಡಿಯುತ್ತಿದ್ದ ಒಬ್ಬರದು ಎಂಬುದನ್ನೂ ಅವರೇ ಹೇಳಿದರು. ಗುತ್ತಿಗೆದಾರ, ಗಾಂಜಾ, ದಪ್ಪ ಕಾಗದ, ಮುಚ್ಚಿಟ್ಟ ಹೆಸರು. ಚಹಾ ಮುಗಿಯುವುದರೊಳಗೆ ನನ್ನ ತಲೆಯಲ್ಲಿ ವರದಿಯ ಶೀರ್ಷಿಕೆ ತಯಾರಾಗಿತ್ತು.

ಮರುದಿನ ಬೆಳಿಗ್ಗೆ ಕುರುಗೋಡಿನ ಬಸ್ಸು ಹತ್ತಿದೆ. ಕೊಳಗಲ್ಲು ದಾಟಿದ ಮೇಲೆ ಪಕ್ಕದಲ್ಲಿ ಕೂತಿದ್ದ ರೈತರೊಬ್ಬರು ನನ್ನ ಕೈಯಲ್ಲಿದ್ದ ಕರಪತ್ರ ನೋಡಿ, "ನೀವೂ ತಗೊಂತೀರೇನ್ರಿ?" ಎಂದರು. ಇಲ್ಲವೆಂದೆ. "ಹಂಗಾರ ಯಾಕ ಹಿಡಕೊಂಡೀರಿ," ಎಂದು ಮುಖ ಆಚೆ ತಿರುಗಿಸಿದರು. ಅವರಿಗೆ ಅದು ಯಾವ ಔಷಧಿ ಎಂಬುದು ಗೊತ್ತಿತ್ತು.

ಆ ಸೊಪ್ಪು ನಮ್ಮ ಭಾಗದಲ್ಲಿ ಯಾರಿಗೂ ಹೊಸದಲ್ಲ. ಗುಡ್ಡದ ಗವಿಗಳಲ್ಲಿ ತಂಗುವ ಸಾಧುಗಳ ಚಿಲುಮೆಯಲ್ಲಿ ಅದನ್ನು ಎಲ್ಲರೂ ನೋಡಿದ್ದರು. ಪೊಲೀಸರು ಚೀಲ ಹಿಡಿದಾಗ ನಾವು ಮೂರು ಸಾಲು ಬರೆಯುತ್ತಿದ್ದೆವು. ಆದರೆ ಅದಕ್ಕಾಗಿ ಕರಪತ್ರ ಹಂಚಿ, ಜೀಪಿನಲ್ಲಿ ಮೈಕು ಕಟ್ಟಿ, ಕೈ ಎತ್ತಿರಿ ಎಂದು ಊರೂರು ಕೇಳುವುದು ಬೇರೆ ಸಂಗತಿ.

ವೈದ್ಯರ ಮನೆ ಕುರುಗೋಡಿನ ಹಳೇ ಪೇಟೆಯಲ್ಲಿತ್ತು. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಒಗೆದು ಮಡಿಚಿದ ವಸ್ತ್ರ. ಎಪ್ಪತ್ತು ದಾಟಿದ ಮನುಷ್ಯ. ನಾನು ಪತ್ರಿಕೆಯವನೆಂದು ಹೇಳಿದ ಮೇಲೂ ಮುಖ ಬದಲಾಗಲಿಲ್ಲ. ಕೂರಿಸಿ ನೀರು ಕೊಡಿಸಿದರು.

"ಔಷಧಿ ಯಾವುದಕ್ಕ ಅಜ್ಜಾರ?"

"ನರ ಸೆಟೆದದ್ದಕ್ಕ. ಸೊಂಟ ಮುರಿದವರಿಗೆ ಕಾಲು ಜಗ್ಗತಾವ ನೋಡ್ರಿ, ಅದಕ್ಕ. ಹೊಟ್ಯಾಗ ಹುಣ್ಣಾಗಿ ಸಾಯಾಕ ಬಿದ್ದವರಿಗೆ ನಿದ್ದಿ ಬರಲಿ ಅಂತ."

"ಏನೇನು ಹಾಕತೀರಿ?"

"ಹಳೇ ಬೆಲ್ಲ, ತುಪ್ಪ, ಒಣಶುಂಠಿ, ಮೆಣಸು. ಮತ್ತೊಂದು."

"ಮತ್ತೊಂದು ಯಾವುದು?"

"ಮತ್ತೊಂದು," ಎಂದರು. ಹೆಗಲ ವಸ್ತ್ರ ಸರಿಮಾಡಿಕೊಂಡು, "ನಿಮಗ ಗೊತ್ತಾಗೇ ಬಂದೀರಲ್ಲ," ಎಂದರು.

ಮೂರು ರೀತಿಯಲ್ಲಿ ಕೇಳಿದೆ. ಮೂರಕ್ಕೂ ಅದೇ ಉತ್ತರ. ಪ್ರಶ್ನೆ ತಪ್ಪಿಸುವವರನ್ನು ನಾನು ದಿನವೂ ನೋಡುತ್ತಿದ್ದೆ. ಅವರು ಸಾಮಾನ್ಯವಾಗಿ ಸಿಟ್ಟಾಗುತ್ತಾರೆ, ಇಲ್ಲವೇ ಹೆಚ್ಚು ಮಾತಾಡುತ್ತಾರೆ. ಇವರು ಎರಡನ್ನೂ ಮಾಡಲಿಲ್ಲ. ಅದು ನನಗೆ ಇನ್ನಷ್ಟು ಅನುಮಾನ ತಂದಿತು. ಸಭೆಗೆ ಬರುತ್ತೀರಾ ಎಂದು ಕೇಳಿದೆ. "ಕೊಡಾವ ನಾನು. ನಾ ಬಂದು ಏನು ಹೇಳಲಿ?" ಎಂದರು. ಆ ಮಾತು ನನಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲವೆಂದು ಆಗ ಗೊತ್ತಾಗಲೂ ಇಲ್ಲ.

ಜೀಪು ಸಿಕ್ಕಿದ್ದು ಅಲ್ಲಿಯೇ ಬಸ್ ನಿಲ್ದಾಣದ ಹತ್ತಿರ. ಮುಂದಿನ ಸೀಟಿನಲ್ಲಿ ಗುತ್ತಿಗೆದಾರರು ಕೂತಿದ್ದರು; ಹಿಂದೆ ಒಬ್ಬ ಹೆಂಗಸು, ಕೈಯಲ್ಲಿ ಕರಪತ್ರದ ಕಟ್ಟು. ಗುತ್ತಿಗೆದಾರರು ನನ್ನನ್ನು ಗುರುತು ಹಿಡಿದರು. ಅಡಗುವ ಮನುಷ್ಯನಲ್ಲ.

"ಬರ್ರಿ, ಹತ್ರಿ. ಪೇಪರಿನವರು ನಡಕೊಂತ ಹೋದ್ರ ಸುದ್ದಿ ಹಳೇದಾಗತೈತಿ."

ಹತ್ತಿದೆ. ಹೊಲಗಳ ನಡುವಿನ ಮಣ್ಣಿನ ದಾರಿಯಲ್ಲಿ ಜೀಪು ಹಳ್ಳಿಯ ಕಡೆ ಹೊರಟಿತು. ನಿಮಗೇನು ಇದರಲ್ಲಿ ಲಾಭ ಎಂದು ನೇರವಾಗಿ ಕೇಳಿದೆ.

"ಲಾಭ ಐತಿ," ಎಂದರು. "ಮುಂದ ಎಲೆಕ್ಷನ್ ಬರತೈತಿ. ನಿಂದರಾವ ಅದೀನಿ. ಈ ಕಡೆ ಊರಾಗ ನನ್ನ ಹೆಸರು ಹೇಳಿದ್ರ ಸಾರಾಯಿ ಅಂತಾರ. ಔಷಧಿ ಅನ್ನಲಿ ಅಂತ ಮಾಡೀನಿ. ಬರಕೊಳ್ರಿ."

"ಹಂಗಾರ ಔಷಧಿ ಹೆಸರು ನೀವಾದ್ರೂ ಸಭೆಯಾಗ ಹೇಳ್ರಿ."

"ನನಗೇನು ಹುಚ್ಚು ಹಿಡದೈತೇನ್ರಿ? ಸಾರಾಯಿ ಹೋಗಿ ಗಾಂಜಾ ಬಂತು ಅಂತಾರ."

ಆ ಪದ ಅವರ ಬಾಯಿಂದ ಬಿದ್ದ ಕೂಡಲೇ ಹಿಂದೆ ಕೂತಿದ್ದ ಹೆಂಗಸು ಕಿವಿಯ ಮೇಲೆ ಸೆರಗು ಎಳೆದುಕೊಂಡು, "ಅಣ್ಣಾರ, ನಾ ಇಲ್ಲೇ ಕೂತೀನಿ," ಎಂದಳು. ಗುತ್ತಿಗೆದಾರರು, "ಆತು ಬಿಡವ್ವಾ, ತಪ್ಪಾತು," ಎಂದು ಹೊರಗೆ ನೋಡಿದರು. ಅದೂ ನನಗೆ ನಾಟಕದಂತೆ ಕಂಡಿತು.

ಆಕೆಯ ಗಂಡ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿಯಾಗಿದ್ದ. ಭತ್ತದ ಚೀಲಗಳ ರಾಶಿ ಕುಸಿದು ಬೆನ್ನಿನ ಮೇಲೆ ಬಿದ್ದು ಸೊಂಟದ ಕೆಳಗೆ ಬಲ ಹೋಗಿತ್ತು. ಆಸ್ಪತ್ರೆಯವರು ಮಾಡಬಹುದಾದ್ದನ್ನು ಮಾಡಿ ಮನೆಗೆ ಕಳಿಸಿದ್ದರು. ಬಲ ಹೋದ ಕಾಲುಗಳು ಸುಮ್ಮನಿರುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಸೆಟೆದು, ಕತ್ತರಿಯ ಹಾಗೆ ಒಂದರ ಮೇಲೊಂದು ಹೆಣೆದುಕೊಂಡು, ಆತನನ್ನು ಮಂಚದಿಂದ ಎಳೆದು ಹಾಕುತ್ತಿದ್ದವು. ವೈದ್ಯರ ಲೇಹ್ಯ ತಿಂದರೆ ಸಡಿಲಾಗುತ್ತಿದ್ದವು, ನಿದ್ದೆ ಬರುತ್ತಿತ್ತು. ದೇಶನೂರಿನ ತವರಿನವರು ಬಂದು ಇರು ಎಂದು ಕರೆದಿದ್ದರೂ ಆಕೆ ಹೋಗದೆ ಗಂಡನ ಊರಿನಲ್ಲೇ ಉಳಿದದ್ದು ವೈದ್ಯರ ಮನೆ ಹತ್ತಿರವೆಂದು. ಇವನ್ನೆಲ್ಲ ಆಕೆ ಹೇಳಿದಳು. ನಾನು ಬರೆದುಕೊಂಡೆ, ಆದರೆ ನಂಬಲಿಲ್ಲ. ಪ್ರಚಾರದ ಜೀಪಿನಲ್ಲಿ ಕೂತವರು ಹೇಳಿದ್ದನ್ನು ಬೇರೆ ಕಡೆ ಕೇಳಿ ನೋಡದೆ ನಂಬುವ ಅಭ್ಯಾಸ ನನಗಿರಲಿಲ್ಲ.

ಆಕೆಯ ಮನೆಗೆ ಹೋದೆ. ಆತ ಬಾಗಿಲ ಬಳಿಯ ಮಂಚದ ಮೇಲೆ ದಿಂಬಿಗೆ ಒರಗಿದ್ದ. ತೊಡೆಯ ಮೇಲೆ ನಮ್ಮ ಪತ್ರಿಕೆ. ಶಾಲೆಯಲ್ಲಿ ನಾಲ್ಕೈದು ಇಯತ್ತೆ ಓದಿದವನು. ಮಲಗಿದ ಮೇಲೆ ಪತ್ರಿಕೆಯೇ ಆತನ ಕೆಲಸ. ಚಹಾ ಅಂಗಡಿಯವರು ಓದಿ ಮುಗಿಸಿದ ಮೇಲೆ ಸಂಜೆ ಅದು ಇಲ್ಲಿಗೆ ಬರುತ್ತಿತ್ತು.

"ನೀವೇನು ಆ ಕಾಲುವಿ ಸುದ್ದಿ ಬರೆದವರು?" ಎಂದ. "ತಪ್ಪು ಬರದೀರಿ. ನೀರು ಬಿಟ್ಟಾರ ಅಂತ ಬರದೀರಿ. ತೂಬಿನ ಮ್ಯಾಲಿನವರಿಗೆ ಬಿಟ್ಟಾರ. ಕೆಳಗ ಬಂದಿಲ್ಲ."

"ಅಧಿಕಾರಿಗಳು ಹಾಗೆ ಹೇಳಿದರು."

"ಹೇಳತಾರ. ನೀವು ಬರೀತೀರಿ. ನಾವು ಓದತೀವಿ," ಎಂದು ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದ. "ಈಗ ಯಾರು ಕಳಿಸ್ಯಾರ ನಿಮ್ಮನ್ನ?"

ಆತನಿಗೆ ನನ್ನ ಮೇಲೆ ಅನುಮಾನ, ನನಗೆ ಆತನ ಮೇಲೆ. ನಾವು ಮಾತಾಡುತ್ತಿರುವಾಗಲೇ ಹೊದಿಕೆಯ ಕೆಳಗೆ ಎಡಗಾಲು ಒಮ್ಮೆ ಝಾಡಿಸಿತು, ಆಮೇಲೆ ಬಲಗಾಲು. ಆತ ಪತ್ರಿಕೆಯನ್ನು ಬಿಡಲಿಲ್ಲ, ಆದರೆ ಅಂಚು ಮುದುಡಿತು. ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದು ಎರಡೂ ಮೊಣಕಾಲುಗಳ ಮೇಲೆ ತನ್ನ ಭಾರವೆಲ್ಲ ಹಾಕಿ ಕೂತಳು. ದಿನವೂ ಮಾಡುವ ಕೆಲಸವನ್ನು ಮಾಡುವವರ ಮುಖ. ಕಾಲುಗಳು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಇದನ್ನು ನನಗಾಗಿ ಯಾರೂ ಕಲಿಸಿ ಮಾಡಿಸಲು ಸಾಧ್ಯವಿಲ್ಲ ಎಂಬುದು ಮಾತ್ರ ನನಗೆ ಖಚಿತವಾಯಿತು.

ಆಕೆ ಗೂಡಿನಿಂದ ಒಂದು ಡಬ್ಬಿ ತೆಗೆದು ತೋರಿಸಿದಳು. ತಳದಲ್ಲಿ ಕಪ್ಪಗೆ ಅಂಟಿಕೊಂಡಿತ್ತು. ಬೆರಳಿನಿಂದ ಒರೆಸಿ ಒರೆಸಿ ಕೊಡುತ್ತಿದ್ದಳು. "ಇದಾದ ಮ್ಯಾಲ ಇಲ್ಲ," ಎಂದಳು.

"ಇದರಲ್ಲಿ ಏನಿದೆ ಎಂದು ಗೊತ್ತೇ?" ಎಂದು ಆತನನ್ನು ಕೇಳಿದೆ.

"ಮದ್ದೈತಿ."

"ಏನು ಮದ್ದು?"

"ತಿನ್ನಾವ ನಾನು. ನನಗ್ಯಾಕ ಕೇಳತೀರಿ?"

ಊರಿನಲ್ಲಿ ಇನ್ನೂ ಕೆಲವರು ಆ ಔಷಧಿ ತಿನ್ನುವವರಿದ್ದರು. ಒಬ್ಬೊಬ್ಬರ ಮನೆಗೂ ಹೋದೆ, ಜೀಪು ಬೇಡವೆಂದು ನಡೆದೇ ಹೋದೆ. ಹೊಟ್ಟೆಯ ಹುಣ್ಣಿನ ಮುದುಕಿ "ನನಗೇನು ಗೊತ್ತಪ್ಪಾ" ಎಂದಳು. ಸೊಂಟ ಮುರಿದುಕೊಂಡಿದ್ದ ಗಾಡಿ ಹೊಡೆಯುವವನು "ಅಜ್ಜಾರಿಗೆ ಕೇಳ್ರಿ" ಎಂದ. ಇನ್ನೊಬ್ಬರು ತೆಲುಗಿನಲ್ಲಿ ಅದನ್ನೇ ಹೇಳಿದರು. ರೋಗ ಹೇಳುತ್ತಿದ್ದರು, ನೋವು ಹೇಳುತ್ತಿದ್ದರು, ಬೆಲ್ಲ ತುಪ್ಪ ಹೇಳುತ್ತಿದ್ದರು. ಆ ಒಂದು ಹೆಸರು ಬರುವಲ್ಲಿ ಎಲ್ಲರ ಬಾಯಿಯೂ ಒಂದೇ ಸಲ ಮುಚ್ಚುತ್ತಿತ್ತು. ಎಲ್ಲರೂ ಒಂದೇ ಉತ್ತರ ಕೊಟ್ಟರೆ ಯಾರೋ ಹೇಳಿಕೊಟ್ಟಿದ್ದಾರೆ ಎಂದೇ ಅರ್ಥ. ನ್ಯಾಯಾಲಯದ ವರದಿ ಮಾಡುವಾಗ ಕಲಿತದ್ದು ಇದು. ಗುತ್ತಿಗೆದಾರರು ಇವರಿಗೆಲ್ಲ ಪಾಠ ಮಾಡಿದ್ದಾರೆ ಎಂದುಕೊಂಡೆ.

ಸಭೆಯ ದಿನ ಮತ್ತೆ ಹೋದೆ. ಚಾವಡಿಯ ಮುಂದಿನ ಬೇವಿನ ಮರದ ಕೆಳಗೆ ಜಮಖಾನ ಹಾಸುತ್ತಿದ್ದರು. ಆಕೆ ನನ್ನನ್ನು ಹುಡುಕಿಕೊಂಡು ಬಂದಳು.

"ಅಣ್ಣಾರ, ಒಂದು ಮಾತು. ಇವತ್ತು ಸಾಹೇಬ್ರು ಹೆಸರು ಕೇಳತಾರಂತ. ನೀವು ಹೇಳಿಬಿಡ್ರಿ."

"ನಾನ್ಯಾಕೆ?"

"ನೀವು ಕೊಡಾವ್ರಲ್ಲ, ತಿನ್ನಾವ್ರಲ್ಲ, ತಿನ್ನಾವ್ರ ಮನಿಯವ್ರೂ ಅಲ್ಲ. ನೀವು ಹೇಳಿದ್ರ ಏನೂ ಆಗೂದಿಲ್ಲ."

"ನೀವು ಹೇಳಿದರೆ ಏನಾಗುತ್ತದೆ?"

ಆಕೆ ನನ್ನನ್ನು ಬುದ್ಧಿ ಕಡಿಮೆಯಿರುವವರನ್ನು ನೋಡುವ ಹಾಗೆ ನೋಡಿದಳು. "ಹೆಸರು ಹೇಳಿದ ಮದ್ದು ಕೆಲಸ ಮಾಡತೈತೇನ್ರಿ?"

ಆಗ ತಿಳಿಯಿತು. ಇದು ಹೊಸ ಸಂಗತಿಯೇ ಅಲ್ಲ. ಬಳ್ಳಾರಿಯಲ್ಲಿ ಕಾಮಾಲೆಗೆ ಎಲೆ ಅರೆದು ಕೊಡುವವರು ಯಾವ ಎಲೆ ಎಂದು ಹೇಳುವುದಿಲ್ಲ. ಕೇಳಿದರೆ ಗುಣ ಹೋಗುತ್ತದೆ ಎನ್ನುತ್ತಾರೆ. ನಮ್ಮ ಮನೆಯಲ್ಲೂ ಯಾರೂ ಕೇಳುತ್ತಿರಲಿಲ್ಲ. ಆದರೆ ನಾನು ಇದನ್ನು ಕಾನೂನಿನ ಸುದ್ದಿ, ಗಾಂಜಾದ ಸುದ್ದಿ, ಗುತ್ತಿಗೆದಾರರ ಸುದ್ದಿ ಎಂದು ಹಿಡಿದಿದ್ದೆ. ಕರಪತ್ರದಲ್ಲಿ ಹೆಸರಿಲ್ಲದ್ದು, ವೈದ್ಯರ "ಮತ್ತೊಂದು", ಜೀಪಿನಲ್ಲಿ ಕಿವಿಗೆ ಎಳೆದ ಸೆರಗು, ಮುದುಕಿಯ "ನನಗೇನು ಗೊತ್ತಪ್ಪಾ", ಎಲ್ಲಕ್ಕೂ ಕಾರಣ ಇದೊಂದೇ. ಪಾಠ ಹೇಳಿಕೊಟ್ಟವರು ಗುತ್ತಿಗೆದಾರರಲ್ಲ, ಅಜ್ಜ ಮುತ್ತಜ್ಜಂದಿರು.

ಹಾಗೆಂದು ನನ್ನ ಅನುಮಾನ ಪೂರ್ತಿ ಹೋಯಿತೆಂದಲ್ಲ. ಇಂಥ ನಂಬಿಕೆ ಗಾಂಜಾ ಮಾರುವವನಿಗೂ ಅನುಕೂಲವೇ. ಆ ಎರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಂಡೆ.

"ನಾನು ಸಭೆಯಲ್ಲಿ ಮಾತಾಡುವ ಹಾಗಿಲ್ಲ," ಎಂದೆ. "ನಡೆದದ್ದನ್ನು ಬರೆಯುವವನು ನಾನು. ನಾನೇ ಮಾತಾಡಿದರೆ ಆಮೇಲೆ ಏನು ಬರೆಯಲಿ?"

"ಒಂದು ಶಬ್ದರೀ."

"ಒಂದಾದರೂ."

"ಊರಾಗ ಬ್ಯಾರೆ ಯಾರನ್ನ ಕೇಳಲಿ? ಹೇಳಿದಾವನ್ನ ಸೇದಾವ ಅಂತಾರ, ನಾಳಿ ಪೊಲೀಸರು ಮನಿ ಮುಂದ ಬರತಾರ ಅಂತ ಎಲ್ಲಾರೂ ಹೆದರ್ಯಾರ."

ಆಕೆ ಮತ್ತೆ ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು ಹೆಂಗಸರು ಕೂತ ಕಡೆ ಹೋದಳು. ಇವತ್ತಿಗೂ ಅಂಥ ಸಭೆಯಲ್ಲಿ ಕೂತರೆ ನಾನು ಬಾಯಿ ತೆರೆಯುವುದಿಲ್ಲ. ಆದರೆ ಅವತ್ತು ಆಕೆ ನಡೆದುಹೋದ ದಾರಿ ಸ್ವಲ್ಪ ಉದ್ದವೆನಿಸಿತು.

ಸಭೆ ನಡೆಸಲು ತಾಲ್ಲೂಕಿನಿಂದ ಬಂದಿದ್ದ ವಿಸ್ತರಣಾಧಿಕಾರಿ ಮೈಸೂರು ಕಡೆಯವರು. ಸಭ್ಯ ಮನುಷ್ಯ, ಆದರೆ ಎಲ್ಲಿ ಸಿಕ್ಕಿಕೊಂಡೆನೋ ಎಂಬ ಮುಖ. ಕುಡಿಯುವ ನೀರಿನ ಬಾವಿ, ಶಾಲೆಯ ಗೋಡೆ ಇತ್ಯಾದಿಗಳೆಲ್ಲ ಮುಗಿದ ಮೇಲೆ ಈ ವಿಷಯ ಬಂತು.

"ಔಷಧಿ ಬೇಕು ಅಂತ ಠರಾವು ಬರೆಯೋಕಾಗಲ್ಲ," ಎಂದರು. "ಯಾವ ಔಷಧಿ? ತಗೊಳ್ಳೋರ ಮನೆಯವರೇ ಹೇಳಬೇಕು. ನಾನು ನನ್ನ ಕೈಯಿಂದ ಬರೆದುಕೊಂಡೆ ಅಂತ ಆಗಬಾರದು."

ಯಾರೂ ಮಾತಾಡಲಿಲ್ಲ.

"ಹೇಳಿ. ಇಲ್ಲದಿದ್ದರೆ ಈ ಊರಲ್ಲಿ ಅಂಥ ರೋಗಿಗಳೇ ಇಲ್ಲ ಅಂತ ಬರೆದು ಮುಗಿಸ್ತೀನಿ."

ಹಿಂದಿನಿಂದ ಒಬ್ಬ, "ಸಾಹೇಬ್ರ, ನಿಮಗ ಗೊತ್ತೈತಿ, ನಮಗ ಗೊತ್ತೈತಿ. ಬರಕೊಳ್ರಿ ಸುಮ್ಮನ," ಎಂದ. ಜನ ನಕ್ಕರು.

"ನನಗೆ ಗೊತ್ತಿದೆ ಅಂತ ನೀವು ಹೇಗೆ ಹೇಳ್ತೀರಿ?" ಅಧಿಕಾರಿಯ ಧ್ವನಿ ಗಟ್ಟಿಯಾಯಿತು. ತಮ್ಮನ್ನು ಏನೋ ಒಂದಕ್ಕೆ ಸಿಕ್ಕಿಸುತ್ತಿದ್ದಾರೆ ಎಂದು ಅವರಿಗೂ ಅನುಮಾನ. ಗುತ್ತಿಗೆದಾರರು ಮರದ ಆಚೆ ಜೀಪಿಗೆ ಒರಗಿ ಉಗುರು ನೋಡಿಕೊಳ್ಳುತ್ತಿದ್ದರು.

ಅಧಿಕಾರಿ ಪೆನ್ನಿಗೆ ಟೋಪಿ ಹಾಕಲು ಹೊರಟರು. ಹೆಂಗಸರ ನಡುವಿನಿಂದ ಆಕೆ ಎದ್ದು ನಿಂತಳು. ಪಕ್ಕದ ಮುದುಕಿ, ಅದೇ ಹೊಟ್ಟೆಯ ಹುಣ್ಣಿನವಳು, ಸೀರೆ ಹಿಡಿದು ಜಗ್ಗಿದಳು. "ಕುಂದರ, ತಂಗಿ. ನಿನ್ನ ಗಂಡಂದು ಹೋಗತೈತಿ, ನಂದೂ ಹೋಗತೈತಿ."

"ಡಬ್ಬಿ ಖಾಲಿ ಆಗೇತಿ ಯಮ್ಮಾ," ಎಂದಳು ಆಕೆ. "ಇಲ್ಲದ ಮದ್ದಿನ ಗುಣ ಎಲ್ಲಿಗೆ ಹೋಗತೈತಿ?"

ಆಮೇಲೆ ಅಧಿಕಾರಿಯ ಕಡೆ ತಿರುಗಿ, ಸಾಧಾರಣ ಧ್ವನಿಯಲ್ಲಿ, ಅಂಗಡಿಯಲ್ಲಿ ಉಪ್ಪು ಕೇಳುವಂತೆ, "ಗಾಂಜಾ ಸೊಪ್ಪುರಿ," ಎಂದಳು. "ನಮ್ಮ ಮನಿಯವರಿಗೆ ಬೇಕು."

ಮುದುಕಿ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡಳು. ಕೆಲವರು ತಲೆ ತಗ್ಗಿಸಿದರು. ನಗು ಇರಲಿಲ್ಲ. ಅಧಿಕಾರಿ ಪಕ್ಕದಲ್ಲಿ ಬರೆಯುತ್ತಿದ್ದವರಿಗೆ, "ಗಾಂಜಾ ಸೊಪ್ಪು, ವೈದ್ಯಕೀಯ ಉಪಯೋಗಕ್ಕೆ ಮಾತ್ರ," ಎಂದು ಗಟ್ಟಿಯಾಗಿ, ಬಿಡಿಸಿ ಹೇಳಿದರು. ಒಪ್ಪಿಗೆಯಿದ್ದವರು ಕೈ ಎತ್ತಿರಿ ಎಂದರು. ಮೊದಲು ಗಾಡಿ ಹೊಡೆಯುವವನ ಕೈ. ಆಮೇಲೆ ಒಂದೊಂದಾಗಿ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತ, ಮುಕ್ಕಾಲು ಸಭೆ. ಹೆಸರನ್ನು ಬೇರೆಯವಳು ಹೇಳಿಯಾದ ಮೇಲೆ ಕೈ ಎತ್ತಲು ಅವರಿಗೆ ಭಯವಿರಲಿಲ್ಲ. ಕಿವಿ ಮುಚ್ಚಿದ್ದ ಮುದುಕಿಗೆ ಕರೆ ಕೇಳಿಸಲಿಲ್ಲವೋ, ಎತ್ತಲು ಕೈ ಖಾಲಿಯಿರಲಿಲ್ಲವೋ, ಆಕೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಠರಾವು ಪಾಸಾಯಿತು.

ಜನ ಚದುರುವಾಗ ಆಕೆ ನನ್ನ ಹತ್ತಿರ ಬಂದಳು. "ಪೇಪರಿನಾಗ ನಾ ಹೇಳಿದೆ ಅಂತ ಹಾಕಬ್ಯಾಡ್ರಿ. ಅವರು ಓದತಾರ. ಗೊತ್ತಾದ್ರ ಮದ್ದು ಬಂದ್ರೂ ಬಾಯಾಗ ಹಾಕೂದಿಲ್ಲ."

ಸುತ್ತ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ಗಾಡಿ ಹೊಡೆಯುವವನು, "ಲೇ, ಯಾರೂ ಆತಗ ಹೇಳಬ್ಯಾಡ್ರಿ," ಎಂದ. ಊರು ಒಪ್ಪಿಕೊಂಡಿತು. ಉಳಿದವನು ನಾನೊಬ್ಬ. ಎಲ್ಲರೂ ನನ್ನ ಕಡೆ ನೋಡಿದರು, ಕಳ್ಳನನ್ನು ನೋಡುವ ಹಾಗೆ.

ಕಚೇರಿಯಲ್ಲಿ ವರದಿ ಬರೆದೆ. ಗುತ್ತಿಗೆದಾರರ ಜೀಪು, ಅವರೇ ಹೇಳಿದ ಚುನಾವಣೆಯ ಉದ್ದೇಶ, ಅವರದೇ ಮಾತಿನಲ್ಲಿ ಹಾಕಿದೆ. ಜೀಪಿನಲ್ಲಿ ವರದಿಗಾರನೂ ಕುರುಗೋಡಿನಿಂದ ಹಳ್ಳಿಯವರೆಗೆ ಪ್ರಯಾಣಿಸಿದ್ದಾನೆ ಎಂದೂ ಬರೆದೆ. ಸಭೆಯ ಭಾಗದಲ್ಲಿ, ಔಷಧಿಯ ಹೆಸರು ಪ್ರಸ್ತಾಪವಾಯಿತು, ಅಧಿಕಾರಿ ಅದನ್ನು ಬರೆಸಿದರು, ಬಹುಮತದಿಂದ ಠರಾವು ಅಂಗೀಕಾರವಾಯಿತು ಎಂದು ಬರೆದೆ.

ಸಂಪಾದಕರು ಕೆಂಪು ಪೆನ್ನು ಆ ಸಾಲಿನ ಮೇಲೆ ನಿಲ್ಲಿಸಿದರು.

"ಪ್ರಸ್ತಾಪ ತಾನೇ ಆಗತೈತೇನು? ಯಾರು ಮಾಡಿದ್ರು?"

"ಒಬ್ಬ ರೋಗಿಯ ಮನೆಯವರು. ಅವರ ಗುರುತು ಬೇಡವೆಂದು ಕೇಳಿಕೊಂಡರು."

"ಯಾಕ?"

ಕಾರಣ ಹೇಳಿದೆ. ಅವರು ನನ್ನನ್ನೇ ನೋಡಿದರು. ನನ್ನ ಕಾಗದವನ್ನು ಬೆರಳ ನಡುವೆ ತಿಕ್ಕಿ ನೋಡುತ್ತಿದ್ದಾರೆ ಎನಿಸಿತು. "ಜೀಪಿನಾಗ ಎಷ್ಟು ದೂರ ಹೋಗಿದ್ದಿ?" ಎಂದರು. ವರದಿಯಲ್ಲಿ ಬರೆದಷ್ಟೇ ದೂರ ಎಂದೆ. ಆ ಸಾಲು ಇದ್ದ ಹಾಗೆ ಅಚ್ಚಾಯಿತು.

ಅಬಕಾರಿ ಕಚೇರಿಯಲ್ಲಿ ಆಮೇಲೆ ಏನು ನಡೆಯಿತೆಂದು ನಾನು ಕಣ್ಣಾರೆ ಕಾಣಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ವೈದ್ಯರಿಗೆ ಸ್ವಲ್ಪ ಸೊಪ್ಪು ಇಟ್ಟುಕೊಳ್ಳಲು ಅನುಮತಿ ಸಿಕ್ಕಿತೆಂದು ಗುಮಾಸ್ತರು ಹೇಳಿದರು. ಠರಾವಿನಿಂದಲೋ, ಬೇರೆ ಕಾರಣದಿಂದಲೋ ಅವರೂ ಹೇಳಲಾರರು. ಸಿರುಗುಪ್ಪದಲ್ಲಿ ಭತ್ತದ ಧಾರಣೆಯ ಸುದ್ದಿ ಮಾಡಿಕೊಂಡು ಬರುವಾಗ ಬಸ್ಸಿಳಿದು ಆ ಊರಿಗೆ ಹೋದೆ.

ಆತ ಹಾಗೆಯೇ ಮಂಚದ ಮೇಲಿದ್ದ, ಸ್ವಲ್ಪ ಸೊರಗಿದ್ದ. ಹೊಸ ಲೇಹ್ಯ ಹಿಂದಿನ ದಿನವಷ್ಟೇ ಬಂದಿತ್ತು. ಡಬ್ಬಿ ಗೂಡಿನಲ್ಲಿ ತುಂಬಿ ನಿಂತಿತ್ತು, ಮುಚ್ಚಳ ತೆಗೆದಿರಲಿಲ್ಲ. ಹೆಂಡತಿ ನನ್ನನ್ನು ಕಂಡು ಒಲೆಯ ಹತ್ತಿರವೇ ನಿಂತುಬಿಟ್ಟಳು.

"ಬರ್ರಿ, ಪೇಪರಿನವರು. ನಿಮ್ಮನ್ನ ಕಾಯಾಕ ಹತ್ತಿದ್ದೆ," ಎಂದ ಆತ. "'ಪ್ರಸ್ತಾಪವಾಯಿತು' ಅಂತ ಬರದಿದ್ರಿ. ಯಾರು ಹೇಳಿದ್ರು?"

"ಅಧಿಕಾರಿ ಹೆಸರನ್ನು ಗಟ್ಟಿಯಾಗಿ ಹೇಳಿ ಬರೆಸಿದರು. ನಾನೇ ಕೇಳಿದೆ."

"ಸರಕಾರದವರು ಹೇಳಿದ್ದಕ್ಕ ದೋಷ ಇಲ್ಲ. ಅವರ ಮಾತಿಗೆ ಗುಣಾನೂ ಇಲ್ಲ, ದೋಷಾನೂ ಇಲ್ಲ. ನಾ ಕೇಳಿದ್ದು ಮೊದಲು ಯಾರು ಹೇಳಿದ್ರು ಅಂತ."

ನಾನು ಗೂಡಿನಲ್ಲಿದ್ದ ಡಬ್ಬಿಯ ಕಡೆ ನೋಡಿದೆ.

"ನಿಮ್ಮ ಪೇಪರ್ ದಿನಾ ಓದತೀನಿ ನಾನು. ಯಾರು ಮಾಡಿದ್ರು ಅಂತ ಗೊತ್ತಿಲ್ಲದಿದ್ರ 'ಎನ್ನಲಾಗಿದೆ' ಅಂತ ಬರೀತೀರಿ. ಗೊತ್ತಿದ್ದು ಹೇಳಬಾರದಂತ ಇದ್ರ 'ಆಯಿತು' ಅಂತ ಬರೀತೀರಿ. ಊರಿನವರು ಯಾರೂ ಬಾಯಿ ಬಿಡಾಕ ತಯಾರಿಲ್ಲ. ಚಾವಡಿ ಮುಂದ ಅವತ್ತು ಏನಾತು ಅಂತ ಕೇಳಿದ್ರ ಬಾವಿ ಸುದ್ದಿ ಹೇಳತಾರ."

"ನಾನು ಬರೆಯದೆ ಬಿಟ್ಟದ್ದನ್ನು ಬಾಯಲ್ಲೂ ಹೇಳುವುದಿಲ್ಲ," ಎಂದೆ.

"ಯಾರಿಗೂ?"

"ಯಾರಿಗೂ."

ಒಲೆಯ ಹತ್ತಿರ ಪಾತ್ರೆಯೊಂದರ ಸದ್ದಾಯಿತು. ಆತ ಆ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದ, ಮೊದಲ ದಿನ ನೋಡಿದ ಹಾಗೆಯೇ, ಯಾರು ಕಳಿಸಿದ್ದಾರೆ ಎಂದು ಅಳೆಯುತ್ತ.

"ಹಂಗಾರ ನಾ ಕೇಳಿಲ್ಲ," ಎಂದ ಕೊನೆಗೆ. "ತಿನ್ನಾವನ ಕಿವಿಗೆ ಬಿದ್ದಿಲ್ಲ ಅಂದ್ರ ಹೇಳಿದಂಗ ಅಲ್ಲ. ಇನ್ನ ಮುಂದನೂ ಹಂಗ ಇರ್ರಿ." ಆಮೇಲೆ ಹೆಂಡತಿಗೆ, "ಯಾಕ, ಅಲ್ಲೇ ನಿಂತಿ? ಮದ್ದು ತಾ," ಎಂದ.

ಆಕೆ ಮುಚ್ಚಳ ತೆಗೆದು ಬೆರಳ ತುದಿಯಲ್ಲಿ ತೆಗೆದುಕೊಂಡು ಬಂದಳು. ಆತ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಆತನಿಗೆ ಪೂರ್ತಿ ಗೊತ್ತಿತ್ತೆಂದು ನನಗೆ ಅನಿಸಿತು, ಆಕೆಗೂ ಅನಿಸಿರಬೇಕು.

ನಾನು ಬಸ್ಸಿನ ಹೊತ್ತಿನವರೆಗೆ ಕೂತೆ. ಮೊದಲು ಎಡಗಾಲು ಎರಡು ಸಲ ಝಾಡಿಸಿತು. ಆಕೆ ಬಂದು ಹೊದಿಕೆಯ ಮೇಲೆ ಎರಡೂ ಕೈ ಒತ್ತಿ ಕೂತಳು. ಆತ ಕಾಲುವೆಯ ಬಗ್ಗೆ ನನ್ನ ಇನ್ನೊಂದು ತಪ್ಪು ಹಿಡಿದು ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಮಾತು ನಿಧಾನವಾಯಿತು, ಕಣ್ಣು ಮುಚ್ಚಿತು. ಕಾಲುಗಳು ಸಡಿಲವಾಗಿ, ಇದ್ದಲ್ಲಿಯೇ ಇದ್ದವು. ಆಕೆ ಕೈ ತೆಗೆಯಲಿಲ್ಲ. ನಾನು ಎದ್ದು ಚಪ್ಪಲಿ ಹಾಕಿಕೊಳ್ಳುವಾಗಲೂ ಆ ಹೊದಿಕೆಯನ್ನೇ ನೋಡುತ್ತ, ಒಂದಿಷ್ಟೂ ಭಾರ ಕಡಿಮೆ ಮಾಡದೆ, ಒತ್ತಿ ಹಿಡಿದೇ ಕೂತಿದ್ದಳು.